ಲ್ಯಾಪ್‌ಟಾಪ್ ನಿಧಾನವೇ? ಮೊದಲು ಕಾರಣ ಹುಡುಕಿ

ಕಡಿಮೆ ಬೆಲೆಯ ಲ್ಯಾಪ್‌ಟಾಪ್ ತೆವಳತೊಡಗಿದರೆ ಹೆಚ್ಚಿನವರು ಯಾವುದೋ ಕ್ಲೀನರ್ ಆ್ಯಪ್ ಹಾಕಿಕೊಳ್ಳುತ್ತಾರೆ, ಇಲ್ಲವೇ ಕೈಗೆ ಸಿಕ್ಕ ಫೋಟೊಗಳನ್ನು ಅಳಿಸುತ್ತಾರೆ. ದಯವಿಟ್ಟು ಎರಡೂ ಬೇಡ. ಕಾರಣ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ರೀಸ್ಟಾರ್ಟ್ ಮಾಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟರೂ ವ್ಯವಸ್ಥೆಯ ಒಂದು ಭಾಗ ಡಿಸ್ಕ್‌ನಲ್ಲಿ ಉಳಿದು, ಮತ್ತೆ ಅದೇ ಎದ್ದು ಬರುತ್ತದೆ. ರೀಸ್ಟಾರ್ಟ್‌ನಲ್ಲಿ ಹಾಗಾಗುವುದಿಲ್ಲ. ಆನ್ ಆದ ಮೇಲೆ ಹತ್ತು ನಿಮಿಷ ಬಿಡಿ. ಅಪ್‌ಡೇಟ್, ವೈರಸ್ ತಪಾಸಣೆ ಆಗಲೇ ನಡೆಯುತ್ತಿರುತ್ತವೆ.

ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನೀವು ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾ ಸಿಪಿಯು (ಪ್ರೊಸೆಸರ್), ಮೆಮೊರಿ (ರ‍್ಯಾಮ್, ಅಂದರೆ ತೆರೆದ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಜಾಗ), ಡಿಸ್ಕ್ (ಫೈಲುಗಳು ಕಾಯಂ ಉಳಿಯುವ ಜಾಗ) ಕಾಲಂಗಳನ್ನು ನೋಡಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಸಿಪಿಯು ಶೇ 10ರಲ್ಲಿದೆ, ಡಿಸ್ಕ್ ಮಾತ್ರ ಶೇ 100 ಎಂದುಕೊಳ್ಳಿ. ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಪಕ್ಕದ ಮೆಮೊರಿ ಕಾಲಂ ನೋಡಿ. ಅದು ಶೇ 90 ಮುಟ್ಟಿದ್ದರೆ ನಿಜವಾದ ಕೊರತೆ ಇರುವುದು ರ‍್ಯಾಮ್‌ನಲ್ಲಿ. 4 ಜಿಬಿ ರ‍್ಯಾಮ್‌ನ ದೊಡ್ಡ ಪಾಲನ್ನು ವಿಂಡೋಸ್ ತಾನೇ ಬಳಸುತ್ತದೆ. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಉಳಿದದ್ದೂ ತುಂಬುತ್ತದೆ. ಆಗ ವಿಂಡೋಸ್ ರ‍್ಯಾಮ್‌ನಲ್ಲಿದ್ದುದನ್ನು ಡಿಸ್ಕ್‌ಗೆ ಸಾಗಿಸುತ್ತ, ಮತ್ತೆ ಎತ್ತಿ ತರುತ್ತ ಇರುತ್ತದೆ. ಡಿಸ್ಕ್ ಎಷ್ಟೇ ವೇಗದ್ದಾದರೂ ರ‍್ಯಾಮ್‌ಗೆ ಸಾಟಿಯಲ್ಲ. ಪರದೆ ಹೆಪ್ಪುಗಟ್ಟಿ ನಿಲ್ಲುವುದು ಆಗಲೇ.

ಹಾಗಿದ್ದರೆ ಬೇಡದ ಟ್ಯಾಬ್‌ಗಳನ್ನು ಮುಚ್ಚಿ, ಬ್ರೌಸರ್‌ನ ಮೆಮೊರಿ ಸೇವರ್ (ಬಳಸದ ಟ್ಯಾಬ್‌ಗಳನ್ನು ಮಲಗಿಸುವ ಸೌಲಭ್ಯ) ಆನ್ ಮಾಡಿ, ಎಕ್ಸ್‌ಟೆನ್ಶನ್‌ಗಳನ್ನು (ಬ್ರೌಸರ್‌ಗೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಂಗಳನ್ನು) ತೆಗೆಯಿರಿ. ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟ್‌ಅಪ್ ವಿಭಾಗಕ್ಕೆ ಹೋಗಿ, ಆನ್ ಆಗುತ್ತಲೇ ಏಳುವ ಚಾಟ್, ಗೇಮ್ ಆ್ಯಪ್‌ಗಳನ್ನು ಡಿಸೇಬಲ್ ಮಾಡಿ. ಆ್ಯಂಟಿವೈರಸ್ ಮುಟ್ಟಬೇಡಿ.

ಮೆಮೊರಿ ಖಾಲಿಯಿದ್ದೂ ಡಿಸ್ಕ್ ಶೇ 100ರಲ್ಲೇ ಇದ್ದರೆ, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಅದು ಎಚ್‌ಡಿಡಿಯೋ (ತಿರುಗುವ ತಟ್ಟೆಯ ಹಳೆಯ ಬಗೆಯ ಡಿಸ್ಕ್) ಎಸ್‌ಎಸ್‌ಡಿಯೋ (ಚಿಪ್‌ಗಳಿಂದಾದ ವೇಗದ ಡಿಸ್ಕ್) ನೋಡಿ. ಎಚ್‌ಡಿಡಿ ಆಗಿದ್ದರೆ ಎಸ್‌ಎಸ್‌ಡಿ ಹಾಕಿಸಿ. ನನ್ನ ಮಟ್ಟಿಗೆ ಹಳೆಯ ಲ್ಯಾಪ್‌ಟಾಪ್‌ಗೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ. ಆದರೆ ತೀರಾ ಅಗ್ಗದ ಮಾದರಿಗಳಲ್ಲಿ ಡಿಸ್ಕ್ ಬದಲಿಗೆ ಬರುವ ಇಎಂಎಂಸಿ ಎಂಬ ಸಂಗ್ರಹದ ಚಿಪ್ಪನ್ನು, ಹಲವು ಬಾರಿ ರ‍್ಯಾಮನ್ನೂ, ಬೋರ್ಡ್‌ಗೇ ಬೆಸೆದಿರುತ್ತಾರೆ. ಹಣ ಕೊಡುವ ಮುನ್ನ ನಿಮ್ಮ ಮಾದರಿಯ ವಿವರಪಟ್ಟಿ ಓದಿ. 64 ಜಿಬಿಯ ಇಎಂಎಂಸಿ ಇದ್ದರೆ ಹತ್ತು ಜಿಬಿಯಾದರೂ ಖಾಲಿ ಇಡಿ.

ಸಿಪಿಯು ಸದಾ ಶೇ 100 ಇದ್ದರೆ ಬಿಸಿಯನ್ನೂ ಗಮನಿಸಿ. ಹಾಸಿಗೆಯ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚಿ, ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಮೇಜಿನ ಮೇಲಿಡಿ.

ಇಷ್ಟಾದರೂ ಸುಧಾರಿಸದಿದ್ದರೆ ವಿಂಡೋಸ್ ಬದಲು ಲುಬುಂಟುವಿನಂಥ ಹಗುರ ಲಿನಕ್ಸ್ (ಉಚಿತ ಆಪರೇಟಿಂಗ್ ಸಿಸ್ಟಂ) ನೋಡಬಹುದು. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವ್‌ನಿಂದ ನಡೆಸಿ, ವೈಫೈ, ಧ್ವನಿ, ಕ್ಯಾಮೆರಾ ಸರಿಯಿವೆಯೇ ಎಂದು ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಫೈಲುಗಳ ಬ್ಯಾಕಪ್ ತೆಗೆದಿಟ್ಟುಕೊಂಡು ಆಮೇಲೆ ಇನ್‌ಸ್ಟಾಲ್ ಮಾಡಿ.