ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ

ಯಾವ ಕಾರ್ಡ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ಬಜೆಟ್ ವಿಚಾರ ಆಮೇಲೆ, ಮೊದಲು ನಾನು ಕೇಳುವುದು ಮೂರು ಪ್ರಶ್ನೆ. ಮದರ್‌ಬೋರ್ಡ್ ಯಾವುದು? ಎಸ್‌ಎಂಪಿಎಸ್ (ಮೆಷಿನ್ನಿಗೆ ಕರೆಂಟ್ ಕೊಡುವ ಡಬ್ಬಿ) ಎಷ್ಟು ವ್ಯಾಟಿನದು? ಮಾನಿಟರ್ ಯಾವುದು? ಯೂಟ್ಯೂಬಿನಲ್ಲಿ ಕಾಣುವ ಟೆಸ್ಟ್‌ಗಳನ್ನು ಸಾಮಾನ್ಯವಾಗಿ ಹೊಚ್ಚ ಹೊಸ ಪ್ರೊಸೆಸರ್ ಮೇಲೆ ಮಾಡಿರುತ್ತಾರೆ. ನಮ್ಮ ಮನೆಗಳಲ್ಲಿ ಇರುವುದು ಐದಾರು ವರ್ಷದ ಹಳೆಯ ಮೆಷಿನ್. ಅದರಲ್ಲಿ ಅದೇ ಕಾರ್ಡ್ ಬೇರೆ ಥರವೇ ನಡೆಯುತ್ತದೆ.

ದಾವಣಗೆರೆಯಲ್ಲಿರುವ ನಮ್ಮ ಅಕ್ಕನ ಮಗನ ಮೆಷಿನ್ನನ್ನೇ ತಗೊಳ್ಳಿ. ರೈಜನ್ 5 3600, ಬಿ450 ಬೋರ್ಡ್, ಎನ್‌ವಿಡಿಯಾದ ಜಿಟಿಎಕ್ಸ್ 1660 ಸೂಪರ್ ಕಾರ್ಡ್, 550 ವ್ಯಾಟ್ ಎಸ್‌ಎಂಪಿಎಸ್, 1080ಪಿ 144 ಹರ್ಟ್ಸ್ ಮಾನಿಟರ್. "ಮಾಮ, ಆರ್‌ಟಿಎಕ್ಸ್ 5060 ತಗೊಂಡುಬಿಡಣ" ಅಂತ ಅವನ ಒಂದೇ ಹಟ. "ತಡಿಯೋ, ಮೊದ್ಲು ನಿನ್ ಮೆಷಿನ್ ಎಲ್ಲಿ ಸೋಲ್ತಿದೆ ನೋಡಣ" ಅಂದೆ.

ಅದನ್ನು ನೋಡುವುದಕ್ಕೆ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಸಾಕು, ಪುಕ್ಕಟೆ ಸಿಗುತ್ತದೆ. ಗೇಮ್ ಆಡುವಾಗ ಕಾರ್ಡಿನ ಬಳಕೆ ಎಷ್ಟು ಶೇಕಡಾ ಅಂತ ಪರದೆಯ ಮೂಲೆಯಲ್ಲೇ ತೋರಿಸುತ್ತದೆ. 95ರ ಮೇಲೆ ನಿಂತಿದ್ದರೆ ಕಾರ್ಡ್ ಸುಸ್ತಾಗಿದೆ, ಬದಲಾಯಿಸಿದರೆ ಫಲ ಸಿಗುತ್ತದೆ. ಫ್ರೇಮ್ ಲಾಕ್ (ಸೆಕೆಂಡಿಗೆ ಇಷ್ಟೇ ಚಿತ್ರ ಎಂಬ ಮಿತಿ) ಹಾಕದೆಯೂ 60, 70ರಲ್ಲೇ ಇದ್ದು ಗೇಮ್ ನಿಧಾನವಾಗಿದ್ದರೆ ತೊಂದರೆ ಬಹುತೇಕ ಪ್ರೊಸೆಸರಿನದು. ಖಾತ್ರಿ ಬೇಕಾದರೆ ರೆಸಲ್ಯೂಷನ್ 720ಪಿಗೆ ಇಳಿಸಿ. ಆಗಲೂ ಫ್ರೇಮ್ ಏರದಿದ್ದರೆ ಹೊಸ ಕಾರ್ಡಿಗೆ ಸುರಿದ ದುಡ್ಡು ನೀರಿಗೆ ಹೋದಂತೆ. ಪ್ರೊಸೆಸರಿನ ಒಟ್ಟು ಶೇಕಡಾ ನೋಡಿ ಸಮಾಧಾನಪಡಬೇಡಿ. 12 ಥ್ರೆಡ್‌ಗಳಲ್ಲಿ (ಪ್ರೊಸೆಸರ್ ಒಟ್ಟಿಗೆ ನಡೆಸುವ ಕೆಲಸದ ಸಾಲುಗಳಲ್ಲಿ) ಒಂದೆರಡು ತುಂಬಿ ಕೂತಿದ್ದರೂ ಒಟ್ಟು ಲೆಕ್ಕ 40 ಅಂತಲೇ ತೋರಿಸಬಹುದು. ಟಾಸ್ಕ್ ಮ್ಯಾನೇಜರಿನಲ್ಲಿ ರ‍್ಯಾಮ್ ಎಷ್ಟು ಸ್ಲಾಟಿನಲ್ಲಿದೆ ಅಂತಲೂ ನೋಡಿಬಿಡಿ. ಒಂದೇ ಸ್ಟಿಕ್ ಇದ್ದರೆ ಜೊತೆಗೆ ಇನ್ನೊಂದು ಹಾಕುವುದು ಮೊದಲ ಕೆಲಸ.

ಹುಡುಗನ ಮೆಷಿನ್ನಿನಲ್ಲಿ ವ್ಯಾಲರಂಟ್ ಗೇಮ್ ಪ್ರೊಸೆಸರಿಗೆ ಸಿಕ್ಕಿಹಾಕಿಕೊಂಡಿತ್ತು, ಸೈಬರ್‌ಪಂಕ್ 2077 ಕಾರ್ಡಿಗೆ. ಅವನಿಗೆ ಬೇಕಾದದ್ದು ಎರಡನೆಯದು. ಹಾಗಾಗಿ ಕಾರ್ಡ್ ತಗೊಳ್ಳುವುದು ಸರಿ. ಪ್ರೊಸೆಸರ್ ಬೇಕಾದರೆ ಮುಂದೆ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ ರೈಜನ್ 5 5600 ಕೂರಿಸಬಹುದು.

ಆದರೆ 5060 ಬೇಡ ಅಂದೆ. ಕಾರಣ ಸ್ವಲ್ಪ ಬಿಡಿಸಿ ಹೇಳಬೇಕು. ಅದರಲ್ಲಿ ಇರುವುದು 8 ಜಿಬಿ ಮೆಮೊರಿ, ಬೋರ್ಡಿನ ಜೊತೆ ಮಾತಾಡುವುದು 8 ಲೇನಿನಲ್ಲಿ (ಮಾಹಿತಿ ಓಡಾಡುವ ದಾರಿಗಳಲ್ಲಿ) ಮಾತ್ರ. ಈ ಲೇನ್‌ಗಳ ಪದ್ಧತಿಯ ಹೆಸರು ಪಿಸಿಐಇ, ಹೊಸ ಬೋರ್ಡಿನಲ್ಲಿ ಅದರ 4.0 ಅಥವಾ 5.0 ಇರುವುದರಿಂದ 8 ಲೇನ್ ಧಾರಾಳ. ಬಿ450ಯಲ್ಲಿ ಇರುವುದು 3.0, ಅಂದರೆ 8 ಲೇನಿಗೆ ಸೆಕೆಂಡಿಗೆ ಸುಮಾರು 8 ಜಿಬಿ ಅಷ್ಟೇ. ಗೇಮಿನ ಟೆಕ್ಸ್ಚರ್‌ಗಳು ಕಾರ್ಡಿನ ಮೆಮೊರಿಯಲ್ಲೇ ಹಿಡಿದಾಗ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಮೆಮೊರಿ ತುಂಬಿ ಚೆಲ್ಲಿದ ಕೂಡಲೇ ಉಳಿದದ್ದನ್ನು ರ‍್ಯಾಮಿನಿಂದ ಎಳೆದು ತರಬೇಕು, ಆಗ ಓಣಿಗೆ ಲಾರಿ ನುಗ್ಗಿದ ಹಾಗಾಗುತ್ತದೆ. ತಿರುವಿನಲ್ಲಿ ಗೇಮ್ ತಟಕ್ಕನೆ ನಿಂತು ಹೊರಡುತ್ತದೆ, ಗೋಡೆಯ ಮೇಲಿನ ಬರಹ ಹತ್ತಿರ ಹೋದರೂ ಮಸುಕಾಗಿಯೇ ಇರುತ್ತದೆ. ಸರಾಸರಿ ಫ್ರೇಮಿನ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ, ಆಡುವವನಿಗೆ ಮಾತ್ರ ಗೊತ್ತು.

ಅದಕ್ಕೇ ನಾವು ಆರಿಸಿದ್ದು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದು. ಅದಕ್ಕೆ ಪೂರ್ತಿ 16 ಲೇನ್ ಇದೆ, ಹಳೆಯ ಬೋರ್ಡಿನಲ್ಲೂ ಉಸಿರಾಡುತ್ತದೆ. 2025ರ ಜೂನಿನಲ್ಲಿ 349 ಡಾಲರಿಗೆ ಬಂದ ಕಾರ್ಡ್. ನಮ್ಮಲ್ಲಿ ತೆರಿಗೆ ಸೇರಿ ಬೆಲೆ ಏರಿಳಿಯುತ್ತಲೇ ಇರುತ್ತದೆ. ಇದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಆರ್‌ಟಿಎಕ್ಸ್ 5060 ಟಿಐ ಕಥೆಯೂ ಹಾಗೆಯೇ. ಡಬ್ಬಿಯ ಮೇಲೂ ಬಿಲ್ಲಿನಲ್ಲೂ "16 ಜಿಬಿ" ಅಂತ ಓದಿದ ಮೇಲೆಯೇ ದುಡ್ಡು ಕೊಡಿ.

ಬ್ಲೆಂಡರಿನಲ್ಲಿ 3ಡಿ ಕೆಲಸ, ವಿಡಿಯೋ ಎಡಿಟಿಂಗ್, ಕುಡಾ (ಎನ್‌ವಿಡಿಯಾ ಕಾರ್ಡುಗಳ ತಂತ್ರಾಂಶ ವೇದಿಕೆ) ಬೇಕಾಗುವ ಎಐ ಕೆಲಸ ಇದ್ದವರಿಗೆ ನಾನು 5060 ಟಿಐ 16 ಜಿಬಿಯನ್ನೇ ಹೇಳುತ್ತೇನೆ, ಬೆಲೆ ಜಾಸ್ತಿಯಾದರೂ. ಇಂಟೆಲ್ ಆರ್ಕ್ ಬಿ580 ಕಡಿಮೆ ಬೆಲೆಗೆ 12 ಜಿಬಿ ಕೊಡುತ್ತದೆ. ಆದರೆ ಹಳೆಯ ಪ್ರೊಸೆಸರ್ ಜೊತೆ ಮಂಕಾಗುತ್ತದೆ, ರಿಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಮುಟ್ಟಲು ಬಿಡುವ ಸೌಲಭ್ಯ) ಇಲ್ಲದಿದ್ದರೆ ಕೈಗೆತ್ತಿಕೊಳ್ಳಲೇಬೇಡಿ.

ಕರೆಂಟಿನ ಲೆಕ್ಕ. 9060 ಎಕ್ಸ್‌ಟಿ 16 ಜಿಬಿಗೆ 160 ವ್ಯಾಟ್, 5060 ಟಿಐಗೆ 180. ಒಳ್ಳೆಯ ಕಂಪನಿಯ 550 ವ್ಯಾಟ್ ಎಸ್‌ಎಂಪಿಎಸ್ ಆರಾಮಾಗಿ ಎಳೆಯುತ್ತದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಆದರೆ ಮೊದಲು ಅದನ್ನೇ ಬದಲಾಯಿಸಿ. ಯುಪಿಎಸ್ ವಿಷಯ ಮರೆಯುವವರೇ ಹೆಚ್ಚು. ಮನೆಗಳಲ್ಲಿರುವ 600 ವಿಎ ಯುಪಿಎಸ್ ತಡೆಯುವುದು ಸುಮಾರು 360 ವ್ಯಾಟ್. ಕಾರ್ಡ್, ಪ್ರೊಸೆಸರ್, ಮಾನಿಟರ್ ಸೇರಿ ಅದರ ಅಂಚಿಗೆ ಬರುತ್ತವೆ. ಕರೆಂಟ್ ಹೋದ ಕ್ಷಣ ಕೀಂಯ್ ಅಂದು ಮೆಷಿನ್ನೇ ಆಫ್ ಆಗಬಹುದು. 1000 ವಿಎ ಇದ್ದರೆ ನೆಮ್ಮದಿ. ಕ್ಯಾಬಿನೆಟ್ ಒಳಗೆ ಹಿಂದಿನ ಪಟ್ಟಿಯಿಂದ ಮುಂದಿನ ಫ್ಯಾನ್‌ವರೆಗೆ ಟೇಪ್ ಹಿಡಿದು ಅಳೆದುಕೊಳ್ಳಿ, ಮೂರು ಫ್ಯಾನಿನ ಕಾರ್ಡ್‌ಗಳು ಉದ್ದ ಇರುತ್ತವೆ.

ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಮೂರು ನಾಲ್ಕು ಅಂಗಡಿ ಕೇಳಿ, ಆನ್‌ಲೈನ್ ಬೆಲೆಯನ್ನೂ ಜೊತೆಗಿಟ್ಟು ಹೋಲಿಸಿ. ಜಿಎಸ್‌ಟಿ ಬಿಲ್ ಬೇಕೇ ಬೇಕು, ಅದರಲ್ಲಿ ಸೀರಿಯಲ್ ನಂಬರ್ ಇರಬೇಕು, ಕಾರ್ಡಿನ ಮೇಲಿನದಕ್ಕೆ ತಾಳೆಯಾಗಬೇಕು. ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆ ಮಾಡ್ತೀನಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ 12 ಜಿಬಿಯ ಆರ್‌ಟಿಎಕ್ಸ್ 3060 ಪರವಾಗಿಲ್ಲ, ಆದರೆ 2022ರ ಸೆಪ್ಟೆಂಬರ್‌ವರೆಗೆ ಇಥೀರಿಯಂ ಮೈನಿಂಗ್ (ಕ್ರಿಪ್ಟೋ ನಾಣ್ಯಕ್ಕಾಗಿ ಕಾರ್ಡನ್ನು ಹಗಲೂ ರಾತ್ರಿ ದುಡಿಸುವುದು) ಜೋರಾಗಿತ್ತು ಅನ್ನುವುದು ನೆನಪಿರಲಿ. ಎದುರಿಗೇ ಅರ್ಧ ಗಂಟೆ ಭಾರದ ಗೇಮ್ ಓಡಿಸಿ ಬಿಸಿ ಎಷ್ಟಾಗುತ್ತದೆ, ಫ್ಯಾನ್ ಕಟಕಟ ಅನ್ನುತ್ತದೆಯೇ ನೋಡಿ.

ಹಾಕುವಾಗ: ಎನ್‌ವಿಡಿಯಾದಿಂದ ಎಎಂಡಿಗೆ ಹೋಗುವವರು ಹಳೆಯ ಡ್ರೈವರನ್ನು ಡಿಡಿಯು ಎಂಬ ಡ್ರೈವರ್ ಅಳಿಸುವ ತಂತ್ರಾಂಶದಿಂದ ಸೇಫ್ ಮೋಡಿನಲ್ಲಿ ಪೂರ್ತಿ ಅಳಿಸಿ. ಬಯಾಸಿನಲ್ಲಿ ರಿಸೈಜಬಲ್ ಬಾರ್ ಆನ್ ಮಾಡಿ. ಅದಕ್ಕೆ ಸಿಎಸ್‌ಎಂ (ಹಳೆಯ ರೀತಿಯ ಬೂಟಿಗೆ ಇರುವ ಆಯ್ಕೆ) ಆಫ್ ಮಾಡಬೇಕಾಗುತ್ತದೆ. ವಿಂಡೋಸ್ ಇರುವ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನೆ ಪದ್ಧತಿಯಲ್ಲಿದ್ದರೆ ಬೂಟ್ ಆಗುವುದಿಲ್ಲ, ಮೊದಲೇ ಹೊಸ ಪದ್ಧತಿಯಾದ ಜಿಪಿಟಿಗೆ ಬದಲಾಯಿಸಿಕೊಳ್ಳಿ. ಕೊನೆಗೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸಿಗೆ ಹೋಗಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವುದು) 144 ಇದೆಯೇ ನೋಡಿ, ಎಷ್ಟೋ ಸಲ ಅದು ತಾನಾಗಿ 60ಕ್ಕೆ ಇಳಿದಿರುತ್ತದೆ.