ಒಣಗಿದ ಬ್ರೆಡ್ಡಿಗೆ ಸೇಬಿನ ಜೊತೆ: ಬ್ರೌನ್ ಬೆಟ್ಟಿ

ಸೇಬಿನ ಪೈ ರುಚಿಯೇನೋ ನನಗೆ ಇಷ್ಟ, ಆದರೆ ಹಿಟ್ಟು ಲಟ್ಟಿಸುತ್ತಾ ಕೂರುವ ತಾಳ್ಮೆ ಇಲ್ಲ. ಹಾಗಾಗಿ ನಾನು ಮಾಡುವುದು ಬ್ರೌನ್ ಬೆಟ್ಟಿ. 19ನೇ ಶತಮಾನದಿಂದ ಅಮೆರಿಕದ ಮನೆಗಳಲ್ಲಿ ಮಾಡುತ್ತಾ ಬಂದ ಸಿಹಿ ಇದು. ಉಳಿದ ಬ್ರೆಡ್ಡನ್ನು ಬಿಸಾಡದೆ ಬಳಸುವ ಉಪಾಯ, ಅಷ್ಟೇ. ಮೊಟ್ಟೆಯೂ ಬೇಡ.

ಇದರಲ್ಲಿ ಸೇಬಿಗಿಂತ ಬ್ರೆಡ್ಡೇ ಮುಖ್ಯ ಅಂತೀನಿ ನಾನು. ತಾಜಾ ಬ್ರೆಡ್ ಹಾಕಿದರೆ ಸೇಬಿನ ರಸಕ್ಕೆ ಅಂಟಂಟಾಗುತ್ತದೆ. ಒಂದೆರಡು ದಿನ ಇಟ್ಟು ಒಣಗಿದ ಆರು ಸ್ಲೈಸ್ ತೆಗೆದುಕೊಂಡು ಕೈಯಲ್ಲೇ ತರಿತರಿಯಾಗಿ ಪುಡಿ ಮಾಡಿ. ಹಿಟ್ಟಿನಷ್ಟು ನುಣ್ಣಗೆ ಬೇಡ. 75 ಗ್ರಾಂ ಬೆಣ್ಣೆ ಕರಗಿಸಿ, ಈ ಪುಡಿಯನ್ನು ಅದರಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣಕ್ಕೆ ಬರುವವರೆಗೂ ಹುರಿಯಿರಿ. ಬೆಣ್ಣೆ ಹಿಡಿದ ಪುಡಿ ರಸವನ್ನು ಬೇಗ ಹೀರುವುದಿಲ್ಲ, ಗರಿಗರಿ ಉಳಿಯುತ್ತದೆ. ಸುಮ್ನೆ ಕಲಸಿ ಹಾಕುವವರೂ ಇದ್ದಾರೆ. ನಾನಂತೂ ಹುರಿಯದೆ ಹಾಕುವುದಿಲ್ಲ.

ಸೇಬು ಹುಳಿಯಿದ್ದು ಗಟ್ಟಿಯಾಗಿರಬೇಕು. ಗ್ರ್ಯಾನಿ ಸ್ಮಿತ್ ಅನ್ನುವ ಹಸಿರು ಸೇಬು ಸಿಕ್ಕರೆ ಒಳ್ಳೆಯದು, ಬೆಂದರೂ ಮುದ್ದೆಯಾಗುವುದಿಲ್ಲ. ನಾಲ್ಕು ದೊಡ್ಡ ಸೇಬಿನ ಸಿಪ್ಪೆ ತೆಗೆದು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ. ಅರ್ಧ ನಿಂಬೆಹಣ್ಣು ಹಿಂಡಿ, 100 ಗ್ರಾಂ ಕಂದು ಸಕ್ಕರೆ, ಒಂದು ಚಮಚ ದಾಲ್ಚಿನ್ನಿ ಪುಡಿ, ಚಿಟಿಕೆ ಉಪ್ಪು ಹಾಕಿ ಕಲಸಿ. ಸೇಬು ಸಿಹಿಯಿದ್ದರೆ ಸಕ್ಕರೆ ಕಡಿಮೆ ಮಾಡಿ.

ಬೆಣ್ಣೆ ಸವರಿದ ಪಾತ್ರೆಗೆ ಒಂದು ಪದರ ಪುಡಿ, ಮೇಲೆ ಅರ್ಧ ಸೇಬು, ಮತ್ತೆ ಪುಡಿ, ಉಳಿದ ಸೇಬು. ಎಲ್ಲಕ್ಕಿಂತ ಮೇಲೆ ಪುಡಿ ಜಾಸ್ತಿ ಇರಲಿ. ಗಾಜಿನ ಪಾತ್ರೆಯಾದರೆ ಬದಿಯಿಂದ ರಸ ಕುದಿಯುವುದು ಕಾಣುತ್ತದೆ.

ಓವನ್ ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಲಿ. ಪಾತ್ರೆಗೆ ಫಾಯಿಲ್ ಮುಚ್ಚಿ 30 ನಿಮಿಷ ಇಡಿ. ಇದನ್ನು ಬಿಡಬೇಡಿ. ಮುಚ್ಚದಿದ್ದರೆ ಸೇಬು ಬೇಯುವ ಮೊದಲೇ ಮೇಲಿನ ಬ್ರೆಡ್ ಸೀದು ಹೋಗುತ್ತದೆ. ಮುಚ್ಚಿದರೆ ಒಳಗಿನ ಹಬೆಯಲ್ಲೇ ಹಣ್ಣು ಬೇಯುತ್ತದೆ. ಆಮೇಲೆ ಫಾಯಿಲ್ ತೆಗೆದು ಇನ್ನೂ 15ರಿಂದ 20 ನಿಮಿಷ. ಚಾಕು ಚುಚ್ಚಿದರೆ ಸೇಬಿನಲ್ಲಿ ಸಲೀಸಾಗಿ ಇಳಿಯಬೇಕು.

ಹೊರಗೆ ತೆಗೆದ ಕೂಡಲೇ ಬಡಿಸಬೇಡಿ, ನಾಲಿಗೆ ಸುಡುತ್ತದೆ. ಕಾಲು ಗಂಟೆ ಬಿಟ್ಟರೆ ರಸವೂ ಸ್ವಲ್ಪ ಗಟ್ಟಿಯಾಗುತ್ತದೆ. ಜೊತೆಗೆ ವೆನಿಲ್ಲಾ ಐಸ್‌ಕ್ರೀಮ್ ಇದ್ದರೆ ಇನ್ನೇನು ಬೇಕು, ಅಲ್ವಾ? ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು, ಮರುದಿನ ಓವನ್‌ನಲ್ಲೇ ಬಿಸಿ ಮಾಡಿ. ಮೈಕ್ರೋವೇವ್‌ನಲ್ಲಿಟ್ಟರೆ ಮೇಲಿನ ಪದರ ಮೆತ್ತಗಾಗುತ್ತದೆ.