ಒಂದು ಬೆರಳು, ಒಂದು ಬೇಸ್: ಸೆಶನ್ ಕೆಲಸದಲ್ಲಿ ನನ್ನ ಅನುಭವ

ನಾನು ಸೆಶನ್ ವಾದಕ, ಅಂದರೆ ಸ್ಟುಡಿಯೊದಲ್ಲಿ ಬೇರೆಯವರ ಹಾಡಿಗೆ ಬೇಸ್ ಗಿಟಾರ್ ನುಡಿಸುವವನು. ಒಂದೇ ಬೆರಳಲ್ಲಿ ಫಂಕ್ (ತಾಳದ ಒತ್ತೇ ಮುಖ್ಯವಾದ ಕುಣಿತದ ಸಂಗೀತ) ನುಡಿಸುತ್ತೇನೆ, ಅದೇ ಬೇಸ್‌ನಲ್ಲಿ ಭಾವಗೀತೆಗೂ ಟ್ರ್ಯಾಕ್ ಕೊಡುತ್ತೇನೆ ಅಂದಾಗ ನಮ್ಮ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. "ಆಗಲ್ಲ ಗುರು, ಸಿಕ್ಸ್‌ಟೀನ್ತ್ ಬಂದ್ರೆ ಕೈ ಕಚ್ಕೊಳ್ಳತ್ತೆ" ಅಂದವರೇ ಎಲ್ಲ. ಸಿಕ್ಸ್‌ಟೀನ್ತ್ ಅಂದರೆ ಒಂದು ಎಣಿಕೆಗೆ ನಾಲ್ಕು ಹೊಡೆತ. ಈಗ ಅವರಲ್ಲೇ ಕೆಲವರು ಮನೆಗೆ ಬಂದು ನನ್ನ ಬಲಗೈ ವಿಡಿಯೊ ಮಾಡಿಕೊಂಡು ಹೋಗಿದ್ದಾರೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನಿಸಿತು.

ನನಗೆ ದಾರಿ ತೋರಿಸಿದ್ದು ಬೇಸ್ ವಾದಕ ಚಕ್ ರೈನಿ. 1940ರಲ್ಲಿ ಅಮೆರಿಕದ ಓಹಾಯೊದಲ್ಲಿ ಹುಟ್ಟಿದವರು. ಸ್ಯಾಕ್ಸೊಫೋನ್ ವಾದಕ ಕಿಂಗ್ ಕರ್ಟಿಸ್ ತಂಡದಲ್ಲಿದ್ದಾಗ, 1965ರ ಬೀಟಲ್ಸ್ ಅಮೆರಿಕ ಪ್ರವಾಸದಲ್ಲಿ ಅವರಿಗಿಂತ ಮೊದಲು ವೇದಿಕೆ ಹತ್ತುತ್ತಿದ್ದರು. 1971ರಲ್ಲಿ ಗಾಯಕಿ ಅರೀತಾ ಫ್ರಾಂಕ್ಲಿನ್ ಅವರ 'ರಾಕ್ ಸ್ಟೆಡಿ'ಗೆ ಬೇಸ್ ಇವರದ್ದೇ, ಡ್ರಮ್ಸ್ ಬರ್ನಾರ್ಡ್ ಪರ್ಡಿ. ಆಮೇಲೆ ಸಂಗೀತ ಸಂಯೋಜಕ ಕ್ವಿನ್ಸಿ ಜೋನ್ಸ್, 1976ರಲ್ಲಿ ಗಾಯಕ ಮಾರ್ವಿನ್ ಗೇ, 1977ರಲ್ಲಿ ಸ್ಟೀಲಿ ಡ್ಯಾನ್ ತಂಡ, ಎಲ್ಲರಿಗೂ ನುಡಿಸಿದರು. ಮಧ್ಯದಲ್ಲಿ ಟಿವಿ ಕಾರ್ಯಕ್ರಮದ ಟೈಟಲ್ ಮ್ಯೂಸಿಕ್ ಕೂಡ. ಸೋಲ್, ಜಾಝ್, ಪಾಪ್ ಎಲ್ಲ ಆಯಿತಲ್ಲ, ಇಷ್ಟಕ್ಕೂ ಕೈಯಲ್ಲಿ ಬಹುಪಾಲು ಇದ್ದದ್ದು ಒಂದು ಹಳೇ ಫೆಂಡರ್ ಪ್ರಿಸಿಷನ್ ಬೇಸ್. ನಾಲ್ಕು ತಂತಿ, ಒಂದು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಎರಡು ನಾಬ್. ಅಷ್ಟೇ.

ಅವರ ಬಲಗೈ ನೋಡಿ. ತೋರುಬೆರಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಾರೆ, ಪ್ಲೆಕ್ಟ್ರಮ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದವರು ಮಾಡುವ ಹಾಗೆ. ಡೆಟ್ರಾಯಿಟ್‌ನ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಕೂಡ ಒಂದೇ ಬೆರಳಿನವರು, ಆದರೆ ಅವರದ್ದು ಮೇಲಕ್ಕೆ ಎಳೆಯುವುದು ಮಾತ್ರ. ರೈನಿ ಕೆಳಗಿನ ಹೊಡೆತವನ್ನೂ ಸೇರಿಸಿದರು. ನನ್ನ ಕೆಲಸವನ್ನೆಲ್ಲ ಬದಲಾಯಿಸಿದ್ದು ಆ ಕೆಳಗಿನ ಹೊಡೆತ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ನನ್ನ ಹತ್ತಿರ ಒಂದು ಐದು ತಂತಿಯ ಆಕ್ಟಿವ್ ಬೇಸ್ (ಬ್ಯಾಟರಿ ಇರುವಂಥದ್ದು) ಇತ್ತು, ಒಂದು ಫ್ರೆಟ್‌ಲೆಸ್ (ಫ್ರೆಟ್ ಅನ್ನೋ ಅಡ್ಡಪಟ್ಟಿಗಳಿಲ್ಲದ್ದು) ಇತ್ತು, ಸ್ಲ್ಯಾಪ್‌ಗೆ (ಹೆಬ್ಬೆರಳಲ್ಲಿ ತಂತಿ ಬಡಿದು ನುಡಿಸೋದಕ್ಕೆ) ಅಂತಲೇ ಜಾಝ್ ಬೇಸ್ ಅನ್ನೋ ಮಾದರಿ ಒಂದು ಇತ್ತು. ಮೂರನ್ನೂ ಕಾರಲ್ಲಿ ಹಾಕಿಕೊಂಡು ಸ್ಟುಡಿಯೊಗೆ ಹೋಗುತ್ತಿದ್ದೆ. ಆಗ ಹಾಡಿಗೆ ಹದಿನೈದು ನೂರು, ಹೆಚ್ಚೆಂದರೆ ಎರಡು ಸಾವಿರ ಸಿಗುತ್ತಿತ್ತು. ಅದರಲ್ಲಿ ಪೆಟ್ರೋಲು, ಪಾರ್ಕಿಂಗು. ಎಷ್ಟೋ ಸಲ ನಾನು ನುಡಿಸಿದ್ದನ್ನು ತೆಗೆದು ಪ್ರೋಗ್ರಾಮರ್ ಕೀಬೋರ್ಡ್ ಬೇಸ್ ಹಾಕಿರುತ್ತಿದ್ದ. ಒಂದು ಕಡೆಯಂತೂ ಟ್ರ್ಯಾಕ್ ಇಟ್ಟುಕೊಂಡರು, ಪೇಮೆಂಟ್ ಇವತ್ತಿಗೂ ಬಂದಿಲ್ಲ.

ಮೂರರಲ್ಲಿ ಎರಡು ಮಾರಿದೆ. ಸುಮಾರು ಎಪ್ಪತ್ತು ಸಾವಿರ ಬಂತು. ಮೆಕ್ಸಿಕೊದಲ್ಲಿ ತಯಾರಾದ ಸೆಕೆಂಡ್ ಹ್ಯಾಂಡ್ ಪ್ರಿಸಿಷನ್‌ಗೆ ನಲವತ್ತೈದರ ಆಸುಪಾಸು ಕೊಟ್ಟೆ. ಫ್ಲ್ಯಾಟ್‌ವೌಂಡ್ ತಂತಿಗೆ (ಚಪ್ಪಟೆ ಲೋಹ ಸುತ್ತಿದ ನುಣುಪು ತಂತಿ) ನಾಲ್ಕು ಸಾವಿರದ ಮೇಲಾಯಿತು. ಅದು ದುಬಾರಿ ಅನಿಸುತ್ತದೆ, ಆದರೆ ವರ್ಷಗಟ್ಟಲೆ ಬದಲಾಯಿಸಬೇಕಾಗಿಲ್ಲ. ಜೇಮರ್ಸನ್ ತಂತಿ ಕಿತ್ತುಹೋಗುವ ತನಕ ಬದಲಾಯಿಸುತ್ತಿರಲಿಲ್ಲ. ಕೊಳೆಯಲ್ಲೇ ಫಂಕ್ ಇರೋದು ಅನ್ನೋ ಲೆಕ್ಕ ಅವರದ್ದು. ರೌಂಡ್‌ವೌಂಡ್‌ಗೆ (ದುಂಡು ತಂತಿ ಸುತ್ತಿದ ಬಗೆ) ಪ್ರತಿ ಎರಡು ಮೂರು ತಿಂಗಳಿಗೆ ಸುರಿಯುತ್ತಿದ್ದ ದುಡ್ಡು ಹಾಗೇ ಉಳಿಯಿತು.

ಇನ್ನು ಕೆಟ್ಟದ್ದೆಲ್ಲ ಹೇಳುತ್ತೇನೆ. ದಪ್ಪ ಫ್ಲ್ಯಾಟ್‌ವೌಂಡ್ ಹಾಕಿದ ತಕ್ಷಣ ನೆಕ್ (ಬೇಸ್‌ನ ಉದ್ದನೆಯ ಕತ್ತು) ಬಾಗಿತು. ಕತ್ತಿನೊಳಗಿನ ಟ್ರಸ್ ರಾಡ್ ಸರಳು, ತಂತಿ ಕೂರುವ ನಟ್, ತಂತಿಯ ಎತ್ತರ ಎಲ್ಲ ಮತ್ತೆ ಸೆಟಪ್, ಅದಕ್ಕೊಂದು ಎರಡೂವರೆ ಸಾವಿರ. ಆಮೇಲೆ ತಂತಿ ಹೆಚ್ಚು ಹೊತ್ತು ಮೊಳಗದಿರಲಿ ಅಂತ ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ ಭಾಗ) ಹತ್ತಿರ ಇಡುವ ಸ್ಪಂಜು. ಪಾತ್ರೆ ತೊಳೆಯುವ ಸ್ಪಂಜು ಇಟ್ಟೆ, ಕೆಲವೇ ವಾರಕ್ಕೆ ಗಟ್ಟಿಯಾಗಿ ಪುಡಿ ಉದುರತೊಡಗಿತು. ಸೋಫಾ ರಿಪೇರಿ ಅಂಗಡಿಯ ಫೋಮ್ ಇಟ್ಟೆ, ತೆಳ್ಳಗಿನ ಜಿ ತಂತಿ ಸತ್ತೇ ಹೋಯಿತು, ದಪ್ಪಗಿನ ಇ ತಂತಿ ಮಾತ್ರ ಗುಂಯ್ ಅಂತಲೇ ಇತ್ತು. ಯೋಗಾ ಮ್ಯಾಟ್ ಕತ್ತರಿಸಿ ಇಟ್ಟಾಗ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿಯೇ ಜರುಗಿತು. ಕೊನೆಗೆ ಕೆಲಸ ಮಾಡಿದ್ದು ಎರಡು ಬಗೆಯ ಫೋಮ್ ಸೇರಿಸಿ ಅಂಟಿಸಿದ ಒಂದು ತುಂಡು. ಯಾವುದು, ಎಷ್ಟು ದಪ್ಪ, ಬ್ರಿಡ್ಜ್‌ನಿಂದ ಎಷ್ಟು ದೂರ ಅನ್ನೋದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ನನ್ನ ಅನ್ನ.

ಇಷ್ಟಾದ ಮೇಲೂ ದೊಡ್ಡ ತೊಂದರೆ ಬೇರೆಯೇ ಇತ್ತು. ಸ್ಟುಡಿಯೊ ಸ್ಪೀಕರ್‌ನಲ್ಲಿ ಬೇಸ್ ಅದ್ಭುತ, ಮೊಬೈಲ್‌ನಲ್ಲಿ ಹಾಕಿದರೆ ಬೇಸೇ ಇಲ್ಲ. ಇ ತಂತಿ ಖಾಲಿ ನುಡಿಸಿದರೆ 41 ಹರ್ಟ್ಸ್. ಮೊಬೈಲ್ ಸ್ಪೀಕರ್‌ಗೆ ಅದು ಆಗುವುದೇ ಇಲ್ಲ. ರೌಂಡ್‌ವೌಂಡ್ ತಂತಿಯಲ್ಲಿ ಹಾರ್ಮಾನಿಕ್ಸ್ (ಸ್ವರದ ಜೊತೆ ಮೂಡುವ ಮೇಲಿನ ಉಪಸ್ವರ) ಜಾಸ್ತಿ, ಹಾಗಾಗಿ ಕಿವಿ ಅದನ್ನು ಹಿಡಿದುಕೊಂಡು ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಹಳೇ ಫ್ಲ್ಯಾಟ್‌ವೌಂಡು, ಅದಕ್ಕೆ ಸ್ಪಂಜು ಬೇರೆ ಅಂದರೆ ಆ ಹಾರ್ಮಾನಿಕ್ಸೂ ಇಲ್ಲ. ಸೌಂಡ್ ಇಂಜಿನಿಯರ್‌ಗಳು ಬೇಡ ಅಂದಿದ್ದು ಇದಕ್ಕೇ, ಅವರ ಮಾತಲ್ಲಿ ಅರ್ಥ ಇತ್ತು. ಸ್ವಲ್ಪ ಡ್ರೈವ್ (ಧ್ವನಿ ಒರಟಾಗಿಸುವ ಎಫೆಕ್ಟ್) ಹಾಕಿ 700, 800 ಹರ್ಟ್ಸ್ ಹತ್ತಿರ ಎತ್ತಿ ನೋಡಿದೆವು. ಸ್ವರ ಕೇಳಿತು, ಆದರೆ ಮೆತ್ತಗಿನ ಹಾಡಿನಲ್ಲಿ ಒರಟಾಯಿತು.

ಇಲ್ಲಿ ಕೈಹಿಡಿದದ್ದು ರೈನಿಯ ಕೆಳಗಿನ ಹೊಡೆತ. ಬೆರಳನ್ನು ಮೇಲಕ್ಕೆ ಎಳೆದರೆ ತಂತಿಗೆ ತಾಗುವುದು ಬೆರಳ ತುದಿಯ ಮಾಂಸ. ಕೆಳಕ್ಕೆ ತಳ್ಳಿದರೆ ತಾಗುವುದು ಉಗುರು. ಉಗುರು ತಾಗಿದಾಗ ಸಣ್ಣದೊಂದು 'ಟಕ್' ಬರುತ್ತದೆ. ಸತ್ತ ತಂತಿಯಲ್ಲಿ ಏನು ಇಲ್ಲವಾಗಿತ್ತೋ ಅದನ್ನು ಉಗುರು ಕೊಟ್ಟಿತು. ಅದೂ ಎಲ್ಲ ಸ್ವರಕ್ಕಲ್ಲ, ನಾನು ಬೇಕು ಅಂದ ಸ್ವರಕ್ಕೆ ಮಾತ್ರ. ಇದು ಯಾವ ಪೆಡಲ್‌ನಲ್ಲೂ ಸಿಗಲ್ಲ.

ಆದರೆ ಎರಡೂ ಹೊಡೆತದ ಗಾತ್ರ ಸಮ ಬರಬೇಕಲ್ವಾ? ಅಲ್ಲಿಯೇ ತಿಂಗಳುಗಟ್ಟಲೆ ಹೋಯಿತು. ಶುರುವಿನಲ್ಲಿ ಮೆಟ್ರೊನೋಮ್ (ಲಯ ಎಣಿಸುವ ಯಂತ್ರ) ಇಟ್ಟುಕೊಂಡು ನಿಮಿಷಕ್ಕೆ 60 ಎಣಿಕೆಯಲ್ಲಿ ಮೇಲೆ, ಕೆಳಗೆ ಅಂತ ಕೂತೆ. ಬೋರು ಹೊಡೆಯಿತು, ಕೈಯೂ ಬಿಗಿಯಿತು. ಆಮೇಲೆ ಚಿಕ್ಕಂದಿನಲ್ಲಿ ಮೃದಂಗ ಪಾಠದಲ್ಲಿ ಬಾಯಲ್ಲಿ ಹೇಳಿಸುತ್ತಿದ್ದ ಸೊಲ್ಲುಕಟ್ಟು ನೆನಪಾಯಿತು. 'ತಕಿಟ ತಕಿಟ ತಕ' ಹೇಳಿಕೊಂಡು ಎಂಟು ಹೊಡೆತ ನುಡಿಸಿ ನೋಡಿ. ಒತ್ತು ಬರುವುದು ಒಂದು, ನಾಲ್ಕು, ಏಳರ ಮೇಲೆ. ಮೊದಲ ಹೊಡೆತ ಮೇಲಕ್ಕೆ ಅಂತ ಹಿಡಿದರೆ ಒಂದನೆಯದು ಮಾಂಸ, ನಾಲ್ಕನೆಯದು ಉಗುರು, ಏಳನೆಯದು ಮತ್ತೆ ಮಾಂಸ. ಮೂರೂ ಒತ್ತು ಒಂದೇ ತೂಕದಲ್ಲಿ ಬಂದರೆ ಕೈ ತಯಾರಾಗಿದೆ ಅಂತ ಅರ್ಥ. ಉಳಿದ ಐದು ಹೊಡೆತವನ್ನು ಎಡಗೈಯಲ್ಲಿ ಅರ್ಧ ಮುಚ್ಚಿಬಿಟ್ಟರೆ ಘೋಸ್ಟ್ ನೋಟ್, ಅಂದರೆ ಸ್ವರವಿಲ್ಲದ ಬರೀ ತಾಳದ ಸದ್ದು, ಆಗುತ್ತದೆ. ಇದೇ ಫಂಕ್. 104, 106ರ ಸ್ಪೀಡಿನಲ್ಲಿ ಇದನ್ನು ಮೂರು ನಿಮಿಷ ಒಂದೇ ಟೇಕ್‌ನಲ್ಲಿ ಎಳೆಯಬಲ್ಲೆ. ನಮ್ಮ ಊರಲ್ಲಿ ಒಂದೇ ಬೆರಳಲ್ಲಿ ಇದನ್ನು ಮಾಡುವವರು ನನಗಂತೂ ಸಿಕ್ಕಿಲ್ಲ.

ಉಗುರಿನ ಕಥೆಯೂ ಇದೆ. ಫ್ಲ್ಯಾಟ್‌ವೌಂಡ್ ನುಣುಪು, ಹಾಗಾಗಿ ರೌಂಡ್‌ವೌಂಡ್‌ನಷ್ಟು ಉಗುರು ತಿನ್ನಲ್ಲ. ಆದರೂ ಸೀಳುತ್ತದೆ. ಒಂದು ಜಾಹೀರಾತಿನ ಜಿಂಗಲ್‌ಗೆ ಹೋಗುವ ಹಿಂದಿನ ರಾತ್ರಿ ಅರ್ಧಕ್ಕೆ ಸೀಳಿತು. ಫೆವಿಕ್ವಿಕ್ ಹಾಕಿ ಟಿಶ್ಯೂ ಪೇಪರ್ ಅಂಟಿಸಿ, ಒಣಗಿದ ಮೇಲೆ ಉಜ್ಜಿ ನುಡಿಸಿದೆ. ಕೆಲಸ ಆಯಿತು, ಸ್ವರ ಮಾತ್ರ ಪ್ಲಾಸ್ಟಿಕ್ ಥರ. ಪಾರ್ಲರ್‌ಗೆ ಹೋಗಿ ಜೆಲ್ ಹಾಕಿಸಿದೆ, ಆರೇಳು ನೂರು ತೆಗೆದುಕೊಂಡರು. ಅದು ತೀರಾ ಗಟ್ಟಿ. ಈಗ ಉಗುರನ್ನು ಒಂದು ಕೋನದಲ್ಲಿ ಉಜ್ಜಿಕೊಳ್ಳುತ್ತೇನೆ. ಆ ಕೋನ ಅವರವರ ಬೆರಳಿಗೆ ತಕ್ಕಂತೆ ಅವರವರೇ ಕಂಡುಕೊಳ್ಳಬೇಕು. ನನ್ನದು ನನ್ನ ಹತ್ತಿರವೇ ಇರಲಿ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ಭಾವಗೀತೆ ಆಲ್ಬಮ್. ರಾಜಾಜಿನಗರದ ಕಡೆ ಒಂದು ಸಣ್ಣ ಸ್ಟುಡಿಯೊ. ತಬಲಾ, ಕೊಳಲು, ಅಕೌಸ್ಟಿಕ್ ಗಿಟಾರ್ ಆಗಲೇ ಆಗಿತ್ತು. ಸಂಯೋಜಕರು ಹಿರಿಯರು. ನನ್ನ ಬೇಸ್ ನೋಡಿ, "ಏನಪ್ಪಾ, ನಾಲ್ಕೇ ತಂತಿನಾ? ಕೆಳಗಿನ ಸ್ವರ ಎಲ್ಲಿಂದ ತರ್ತೀಯಾ?" ಅಂದರು. "ಸರ್, ಒಂದು ಸಲ ನುಡಿಸ್ತೀನಿ, ಬೇಡ ಅನಿಸಿದ್ರೆ ಹೇಳಿ, ಹೋಗ್ತೀನಿ" ಅಂದೆ.

ಅಲ್ಲಿ ಅಸಲಿ ಸಮಸ್ಯೆ ಐದನೇ ತಂತಿ ಆಗಿರಲೇ ಇಲ್ಲ. ಡಗ್ಗಾದ (ತಬಲಾ ಜೋಡಿಯಲ್ಲಿ ದೊಡ್ಡದು) ಗುಮುಕಿ ಮತ್ತು ಬೇಸ್ ಎರಡೂ ಒಂದೇ ಜಾಗದಲ್ಲಿ ಕೂರುತ್ತವೆ. ಬೇಸ್ ಉದ್ದಕ್ಕೆ ಮೊಳಗಿದರೆ ಡಗ್ಗಾದ ಮೀಂಡ್ (ಜಾರುವ ನಾದ) ಮುಳುಗುತ್ತದೆ. ಮಿಕ್ಸಿಂಗ್ ಮಾಡುವವರು ಆಗ ಬೇಸ್ ಕಡಿಮೆ ಮಾಡುತ್ತಾರೆ, ಕೊನೆಗೆ ಬೇಸ್ ಇದ್ದೂ ಇಲ್ಲದ ಹಾಗೆ. ಫೋಮ್ ಇಟ್ಟ ಫ್ಲ್ಯಾಟ್‌ವೌಂಡ್ ಸ್ವರ ಬೇಗ ಬಂದು ಬೇಗ ಹೋಗುತ್ತದೆ. ನಾನು ಟೋನ್ ನಾಬ್ ಪೂರ್ತಿ ಮುಚ್ಚಿ, ಕೈಯನ್ನು ನೆಕ್ ಕಡೆ ಸರಿಸಿ, ಸಮ್‌ನಲ್ಲಿ (ತಾಳದ ಮೊದಲ ಪೆಟ್ಟು) ಒಂದು ಸ್ವರ ಇಟ್ಟು ಡಗ್ಗಾ ಮಾತಾಡುವಾಗ ಸುಮ್ನೆ ಕೂತೆ. ಅದು ಮುಗಿದ ಕಡೆ ಮತ್ತೊಂದು ಸ್ವರ. ಚರಣದ ಕೊನೆಯ ಸಾಲಿಗೆ ಮಾತ್ರ ಮೇಲಿನ ಎರಡು ತಂತಿಯಲ್ಲಿ ಒಂದು ಡಬಲ್ ಸ್ಟಾಪ್ (ಎರಡು ಸ್ವರ ಒಟ್ಟಿಗೆ) ಜಾರಿಸಿದೆ. ಅದು ನೇರವಾಗಿ ರೈನಿಯಿಂದ ಕಲಿತದ್ದು, ಸೋಲ್ ಹಾಡಿನಲ್ಲಿ ಅವರು ಹಾಗೆ ಜಾರಿಸುತ್ತಾರೆ. ಎರಡನೇ ಟೇಕ್ ಓಕೆ ಆಯಿತು. ಹಿರಿಯರು ಇಂಜಿನಿಯರ್ ಕಡೆ ತಿರುಗಿ, "ಉಳಿದ ಹಾಡಿಗೂ ಇವನನ್ನೇ ಕೂರಿಸು" ಅಂದರು. ಅದೇ ದಿನ ಸಂಜೆ ಅದೇ ಬೇಸ್‌ನಲ್ಲಿ ಗಾಂಧಿನಗರದ ಒಂದು ಐಟಂ ಸಾಂಗ್‌ಗೆ ನುಡಿಸಿದೆ. ಟೋನ್ ಪೂರ್ತಿ ತೆರೆದು, ಕೈ ಬ್ರಿಡ್ಜ್ ಕಡೆ ತಂದು, ಉಗುರು ಜಾಸ್ತಿ. ಕೇಳಿದವರು ಬೇರೆ ಬೇಸ್ ಅಂದುಕೊಂಡರು.

ರೈನಿ ಬಗ್ಗೆ ಇನ್ನೊಂದು ಹೇಳಲೇಬೇಕು. ಸ್ಟೀಲಿ ಡ್ಯಾನ್‌ನ 'ಪೆಗ್' ಹಾಡಿಗೆ ಸ್ಲ್ಯಾಪ್ ಬೇಡವೇ ಬೇಡ ಅಂತ ಹಾಡು ಮಾಡಿದವರು ಹೇಳಿದ್ದರು. ಪಲ್ಲವಿಗೆ ಸ್ಲ್ಯಾಪೇ ಬೇಕು ಅಂತ ಇವರಿಗೆ ಗೊತ್ತಿತ್ತು. ಕೈ ಕಾಣದ ಹಾಗೆ ತಿರುಗಿ ಕೂತು ಸ್ಲ್ಯಾಪ್ ಮಾಡಿಯೇಬಿಟ್ಟರು. ಹಾಡು ಮಾಡಿದವರಿಗೆ ಇಷ್ಟವಾಯಿತು, ಅದೇ ಉಳಿಯಿತು. ಎಲ್ಲ ಶೈಲಿ ಬರುತ್ತದೆ ಅನ್ನೋದು ಬೇರೆ, ಈ ಹಾಡಿಗೆ ಯಾವುದು ಅಂತ ಗೊತ್ತಿರೋದು ಬೇರೆ. ರೈನಿಗೆ ಹೆಸರು ತಂದದ್ದು ಎರಡನೆಯದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಹೆಸರಿನ ಮಾತು ಬಂತು. ಜೇಮರ್ಸನ್ ನುಡಿಸುತ್ತಿದ್ದ ಮೋಟೌನ್ ಕಂಪನಿಯ ರೆಕಾರ್ಡ್‌ಗಳ ಮೇಲೆ ವರ್ಷಗಟ್ಟಲೆ ವಾದ್ಯ ನುಡಿಸಿದವರ ಹೆಸರೇ ಇರುತ್ತಿರಲಿಲ್ಲ. ಜೇಮರ್ಸನ್ ಹೆಸರು ಅಚ್ಚಾಗಿದ್ದು 1971ರ ಮಾರ್ವಿನ್ ಗೇ ಆಲ್ಬಮ್‌ನಲ್ಲಿ. ಅಷ್ಟರಲ್ಲಿ ಅವರು ನುಡಿಸಿದ ಹಿಟ್‌ಗಳಿಗೆ ಲೆಕ್ಕವೇ ಇರಲಿಲ್ಲ. ನಮ್ಮಲ್ಲೂ ಹಾಡಿನ ಕೆಳಗೆ ಗಾಯಕರು, ಸಾಹಿತ್ಯ, ಸಂಗೀತ ಬರೆದು ಮುಗಿಸುತ್ತಾರೆ. ಬೇಸ್ ಯಾರು ಅಂತ ಬರೆಯುವುದು ಅಪರೂಪ. ಇದು ನ್ಯಾಯ ಅಲ್ಲ, ನಾನು ಎಲ್ಲ ಕಡೆ ಕೇಳಿ ಬರೆಸಿಕೊಳ್ಳುತ್ತೇನೆ, ನೀವೂ ಕೇಳಿ. ಅಲ್ಲಿಯ ತನಕ ನಮ್ಮ ಹೆಸರು ಓಡುವುದು ಇಂಜಿನಿಯರ್‌ಗಳ ಬಾಯಲ್ಲಿ. ಎಡಿಟಿಂಗ್ ಕಡಿಮೆ ಇರುವ ಟ್ರ್ಯಾಕ್ ಕೊಟ್ಟರೆ ಅವರೇ ಮುಂದಿನವರಿಗೆ ನಂಬರ್ ಕೊಡುತ್ತಾರೆ. ನನಗೆ ಬಂದ ಕೆಲಸದಲ್ಲಿ ಮುಕ್ಕಾಲು ಪಾಲು ಹಾಗೆ ಬಂದದ್ದು.

ಈಗ ಹಾಡಿಗೆ ಐದರಿಂದ ಆರು ಸಾವಿರ ತೆಗೆದುಕೊಳ್ಳುತ್ತೇನೆ, ಅರ್ಧ ಮುಂಗಡ. ಮನೆಯಿಂದಲೇ ಡಿಐ ಟ್ರ್ಯಾಕ್ (ಮೈಕ್ ಇಲ್ಲದೆ ಬೇಸ್‌ನಿಂದ ನೇರ ರೆಕಾರ್ಡ್ ಮಾಡಿದ್ದು) ಕಳಿಸುವುದಾದರೆ ಸಾವಿರ ಕಮ್ಮಿ. ಉಳಿಸಿಕೊಂಡ ಫ್ರೆಟ್‌ಲೆಸ್‌ಗೆ ನೈಲಾನ್ ಸುತ್ತಿದ ತಂತಿ ಹಾಕಿ ಇದೇ ಉಗುರಿನ ಹೊಡೆತ ನೋಡುತ್ತಿದ್ದೇನೆ. ಮೇಲಿನ ಹೊಡೆತ ಚೆನ್ನಾಗಿದೆ, ಕೆಳಗಿನದು ಇನ್ನೂ ಜಾರುತ್ತಿದೆ. ಆ ತಂತಿ ಬಳಸಿದವರು ಯಾರಾದರೂ ಇದ್ದರೆ ಯಾವ ಗೇಜ್ (ತಂತಿಯ ದಪ್ಪ) ಹಾಕಿದಿರಿ ಅಂತ ತಿಳಿಸಿ. ಮತ್ತೊಂದು ಸೆಟ್‌ಗೆ ಐದು ಸಾವಿರ ಹಾಕುವ ಮೊದಲು ಅದು ಗೊತ್ತಾದರೆ ಒಳ್ಳೇದು.